ಗಡಿ ದಾಟುವ ಸುದ್ದಿ: ಬಾಗಲೂರಿನಿಂದ ಕಂಡ ರೇಡಿಯೊ, ಟಿ.ವಿ. ಮತ್ತು ಮೊಬೈಲಿನ ಚರಿತ್ರೆ

ಕನ್ನಡದ ಮೊದಲ ಪತ್ರಿಕೆ ಹುಟ್ಟಿದ್ದು ನಮ್ಮ ಮಂಗಳೂರಿನಲ್ಲಿ. 1843ರ ಜುಲೈ 1ರಂದು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಮುದ್ರಿಸಿ ಹೊರತಂದರು. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಪತ್ರಿಕೆ ಅದು. ಒಂದು ಸಂಚಿಕೆ ಓದಿದವರಿಗೆ ಮುಂದಿನದು ಬರುವ ತನಕ ಓದಿದ್ದನ್ನು ನಾಲ್ಕು ಜನರ ಹತ್ತಿರ ವಿಚಾರಿಸಲು, ಯೋಚಿಸಲು ಬೇಕಾದಷ್ಟು ಸಮಯವಿತ್ತು. ಇವತ್ತು ಒಂದು ವಿಡಿಯೊ ನೋಡಿ ಮುಗಿಸುವ ಮೊದಲೇ ಇನ್ನೊಂದು ಬಂದು ಕೂತಿರುತ್ತದೆ.

ಈ ಬದಲಾವಣೆಯ ಬಗ್ಗೆ ಬರೆಯಲು ನನಗೆ ಬಾಗಲೂರು ಒಳ್ಳೆಯ ಜಾಗ ಅನ್ನಿಸುತ್ತದೆ. ವ್ಯಾಪಾರಕ್ಕೆಂದು ಕರಾವಳಿ ಬಿಟ್ಟು ಬಂದು ನೆಲೆಸಿದ ಊರಿದು. ಹೊಸೂರಿನಿಂದ ಮಾಲೂರಿಗೆ ಹೋಗುವ ದಾರಿಯಲ್ಲಿದೆ. ಹೊಸೂರಿನ ಸೀಮೆ ಮೊದಲು ಸೇಲಂ ಜಿಲ್ಲೆಗೆ ಸೇರಿತ್ತು. 1965ರಲ್ಲಿ ಧರ್ಮಪುರಿಗೆ, 2004ರಲ್ಲಿ ಕೃಷ್ಣಗಿರಿಗೆ ಬಂತು. ಜಿಲ್ಲೆಯ ಹೆಸರು ಬದಲಾದರೂ ಊರಿನ ಮಾತು ಬದಲಾಗಲಿಲ್ಲ. ಗುಲಾಬಿ, ತರಕಾರಿ ಬೆಳೆಯುವ ರೈತರು ಕನ್ನಡ, ತೆಲುಗು, ತಮಿಳು ಮೂರನ್ನೂ ಆಡುತ್ತಾರೆ. ಮುಸ್ಲಿಮರ ಮನೆಗಳಲ್ಲಿ ಉರ್ದು ಇದೆ. ನಮ್ಮ ಮನೆಯೊಳಗೆ ಬ್ಯಾರಿ. ಇಂಥ ಕಡೆ ಸುದ್ದಿ ಯಾವಾಗಲೂ ಎರಡು ರಾಜಧಾನಿಗಳಿಂದ ಬರುತ್ತದೆ. ಒಂದೇ ಘಟನೆಗೆ ಬೆಂಗಳೂರಿನದೊಂದು ಮಾತು, ಚೆನ್ನೈಯದೊಂದು ಮಾತು. ಎರಡನ್ನೂ ಕೇಳಿ ತೂಗಿ ನೋಡುವ ಅಭ್ಯಾಸ ಗಡಿಯವರಿಗೆ ಹಳೆಯದು.

ಒಬ್ಬರ ರೇಡಿಯೊ, ಹತ್ತು ಜನರ ಕಿವಿ

1956ರ ನವೆಂಬರ್ 1ರಂದು ಭಾಷೆಯ ಆಧಾರದ ಮೇಲೆ ರಾಜ್ಯಗಳು ರೂಪುಗೊಂಡಾಗ ಈ ಸೀಮೆ ಮದ್ರಾಸ್ ರಾಜ್ಯದಲ್ಲೇ ಉಳಿಯಿತು. ಅದಕ್ಕೆ ಒಂದು ವರ್ಷ ಮೊದಲು, 1955ರಲ್ಲಿ, ಮೈಸೂರಿನ ಆಕಾಶವಾಣಿ ಕೇಂದ್ರ ಬೆಂಗಳೂರಿಗೆ ಬಂದಿತ್ತು. ಆಡಳಿತಕ್ಕೆ ಗಡಿ ಬಿತ್ತು, ಅಲೆಗೆ ಬೀಳಲಿಲ್ಲ. ಹೊಸೂರಿನಿಂದ ಬೆಂಗಳೂರಿಗೆ ಇರುವುದು ಸುಮಾರು 40 ಕಿಲೋಮೀಟರ್. ಸರ್ಕಾರಿ ಕಾಗದ ತಮಿಳಿನಲ್ಲಿ ಬರುತ್ತಿದ್ದ ಮನೆಗಳಲ್ಲೂ ಕನ್ನಡ ವಾರ್ತೆ ಕೇಳುತ್ತಿತ್ತು.

ಆಗ ರೇಡಿಯೊ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಮಾಡಿಸಬೇಕಿತ್ತು. ಎಲ್ಲರ ಮನೆಯಲ್ಲೂ ಇರುತ್ತಿರಲಿಲ್ಲ. ಇದ್ದವರ ಜಗಲಿಯಲ್ಲಿ ಇಲ್ಲದವರು ಕೂರುತ್ತಿದ್ದರು. ನಮ್ಮ ಕರಾವಳಿಯಲ್ಲೂ ಹೀಗೆಯೇ. 1976ರಲ್ಲಿ ಮಂಗಳೂರು ಆಕಾಶವಾಣಿ ಶುರುವಾಗುವ ಮೊದಲೂ ಆಮೇಲೂ ಹೋಟೆಲಿನ ಬೆಂಚಿನಲ್ಲಿ ಒಬ್ಬರು ಪೇಪರ್ ಗಟ್ಟಿಯಾಗಿ ಓದುವುದು, ಅಕ್ಷರ ಬಾರದವರು ಕೇಳುವುದು, ಮೂಲೆಯಲ್ಲಿ ಚಹಾ ಕುಡಿಯುವ ಹಿರಿಯರೊಬ್ಬರು “ಅದು ಹಾಗಲ್ಲ” ಎಂದು ತಿದ್ದುವುದು ನಡೆದೇ ಇತ್ತು. ಸುದ್ದಿಗೂ ಕಿವಿಗೂ ನಡುವೆ ಒಬ್ಬ ಮನುಷ್ಯ ಇದ್ದ. ಈ ಲೇಖನದಲ್ಲಿ ನಾನು ಹುಡುಕುತ್ತಿರುವುದು ಆ ನಡುವಿನ ಮನುಷ್ಯನನ್ನು.

ಹಾಗೆಂದು ಆ ಕಾಲ ಶಾಂತವಾಗಿತ್ತು ಎಂದುಕೊಳ್ಳಬೇಡಿ. 1991ರ ಡಿಸೆಂಬರ್‌ನಲ್ಲಿ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಗೆಜೆಟ್‌ನಲ್ಲಿ ಪ್ರಕಟವಾದಾಗ ಬೆಂಗಳೂರಿನ ತಮಿಳರ ಮನೆ, ಅಂಗಡಿಗಳ ಮೇಲೆ ದಾಳಿಯಾಯಿತು. ಸಾವಿರಾರು ಜನ ಗಡಿ ದಾಟಿ ತಮಿಳುನಾಡಿಗೆ ಓಡಿದರು. ಆಗ ಯಾರ ಕೈಯಲ್ಲೂ ಮೊಬೈಲ್ ಇರಲಿಲ್ಲ. 1994ರ ಅಕ್ಟೋಬರ್‌ನಲ್ಲಿ ಬೆಂಗಳೂರು ದೂರದರ್ಶನ ಹತ್ತು ನಿಮಿಷದ ಉರ್ದು ವಾರ್ತೆ ಶುರು ಮಾಡಿದ್ದೇ ಗಲಭೆಗೆ ಕಾರಣವಾಗಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ವಾರ್ತೆ ನಿಂತುಹೋಯಿತು. ಒಂದು ಭಾಷೆಗೆ ಟಿ.ವಿ.ಯಲ್ಲಿ ಹತ್ತು ನಿಮಿಷ ಕೊಟ್ಟದ್ದಕ್ಕೆ ತೆತ್ತ ಬೆಲೆ ಅದು. ಸಣ್ಣ ಭಾಷೆ ಆಡುವ ನಾವು ಇದನ್ನು ಮರೆಯುವ ಹಾಗಿಲ್ಲ.

ಚೆನ್ನೈಯಿಂದ ಬಂದ ಕನ್ನಡ ಟಿ.ವಿ.

1987ರ ಜನವರಿಯಿಂದ ಭಾನುವಾರ ಬೆಳಿಗ್ಗೆ ‘ರಾಮಾಯಣ’ ಬರುವಾಗ ಟಿ.ವಿ. ಇದ್ದ ಮನೆಗೆ ಕೇರಿಯೆಲ್ಲ ಬರುತ್ತಿತ್ತು. ಆಗ ನೋಡಲು ಇದ್ದದ್ದು ದೂರದರ್ಶನ ಒಂದೇ. ಆಮೇಲೆ ಕೇಬಲ್ ಬಂತು. 1993ರಲ್ಲಿ ಸನ್ ಟಿ.ವಿ., 1994ರಲ್ಲಿ ಅದೇ ಬಳಗದ ಉದಯ ಟಿ.ವಿ. ಕನ್ನಡಿಗರ ಮನೆಮನೆಗೆ ಕನ್ನಡ ಸಿನಿಮಾ, ಹಾಡು, ವಾರ್ತೆ ತಂದ ಖಾಸಗಿ ಚಾನೆಲ್‌ನ ಯಜಮಾನರು ಚೆನ್ನೈಯವರು! ಕಾವೇರಿ ಗಲಾಟೆಯಾದಾಗಲೆಲ್ಲ ಕನ್ನಡ ಊರುಗಳಲ್ಲಿ ತಮಿಳು ಚಾನೆಲ್ ನಿಲ್ಲುವುದು, ತಮಿಳು ಊರುಗಳಲ್ಲಿ ಕನ್ನಡ ಚಾನೆಲ್ ನಿಲ್ಲುವುದು ಸಾಮಾನ್ಯವಾಯಿತು. ಯಾವ ಚಾನೆಲ್ ಬರಬೇಕು, ಯಾವುದು ಬೇಡ ಎಂಬ ತೀರ್ಮಾನ ಈಗ ಕೇಬಲ್‌ನವನ ಕೈಯಲ್ಲಿತ್ತು.

ಆ ಕಾಲದ ಅತಿ ದೊಡ್ಡ ಗಡಿ ಸುದ್ದಿ ಡಾ. ರಾಜ್‌ಕುಮಾರ್ ಅಪಹರಣ. 2000ದ ಜುಲೈ 30ರ ರಾತ್ರಿ ತಾಳವಾಡಿ ಸೀಮೆಯ ಗಾಜನೂರಿನಿಂದ ವೀರಪ್ಪನ್ ಅವರನ್ನು ಹೊತ್ತೊಯ್ದ. ಗಾಜನೂರು ಇರುವುದು ತಮಿಳುನಾಡಿನಲ್ಲಿ, ಮಾತು ಕನ್ನಡ, ಬಾಗಲೂರಿನ ಹಾಗೆಯೇ. ಬಿಡುಗಡೆಯಾಗಲು 108 ದಿನ ಹಿಡಿಯಿತು. ಅಷ್ಟು ದಿನವೂ ಕಾಡಿನಿಂದ ಸುದ್ದಿ ಬಂದದ್ದು ಕ್ಯಾಸೆಟ್ಟಿನಲ್ಲಿ. ‘ನಕ್ಕೀರನ್’ ಪತ್ರಿಕೆಯ ಸಂಪಾದಕ ಗೋಪಾಲ್ ಕಾಡಿಗೆ ಹೋಗಿ ಬರುತ್ತಿದ್ದರು. ಕ್ಯಾಸೆಟ್ ಹೊತ್ತು ತರಲು ಒಬ್ಬ ಮನುಷ್ಯ ಬೇಕಿತ್ತು. ಅವನು ನಡೆದು ಬರುವಷ್ಟು ಹೊತ್ತು ಎರಡು ಸರ್ಕಾರಗಳಿಗೆ ಮಾತಾಡಿಕೊಳ್ಳಲು ಸಿಕ್ಕಿತು. ಇದೇ ಘಟನೆ ಇವತ್ತು ನಡೆದು, ಕಾಡಿನಿಂದ ನೇರ ವಿಡಿಯೊ ಬರುವಂತಿದ್ದರೆ ಎರಡೂ ಕಡೆಯ ಸಾಮಾನ್ಯ ಜನರ ಗತಿ ಏನಾಗುತ್ತಿತ್ತು ಎಂದು ಒಮ್ಮೆ ಊಹಿಸಿ.

2016ರ ಆ ವಾರ

ಊಹೆ ಯಾಕೆ, ಸ್ವಲ್ಪ ಮಟ್ಟಿಗೆ ನೋಡಿಯೇ ಬಿಟ್ಟೆವು. 2016ರ ಸೆಪ್ಟೆಂಬರ್ 5ರಂದು ಎರಡು ಸಂಗತಿ ನಡೆದವು. ಹತ್ತು ದಿನ ದಿನಕ್ಕೆ 15,000 ಕ್ಯೂಸೆಕ್ ನೀರು ಬಿಡಬೇಕೆಂದು ಸುಪ್ರೀಂ ಕೋರ್ಟ್ ಕರ್ನಾಟಕಕ್ಕೆ ಆದೇಶಿಸಿತು. ಅದೇ ದಿನ ಜಿಯೊ ಸೇವೆ ಆರಂಭವಾಗಿ ಇಂಟರ್ನೆಟ್ ಪುಕ್ಕಟೆ ಸಿಗತೊಡಗಿತು. ಒಂದಕ್ಕೊಂದು ಸಂಬಂಧವಿಲ್ಲ. ಆದರೆ ಸುದ್ದಿಯ ಚರಿತ್ರೆ ಬರೆಯುವವರಿಗೆ ಆ ದಿನಾಂಕ ನೆನಪಿರಬೇಕು.

ವಾರದೊಳಗೆ, ಫೇಸ್‌ಬುಕ್‌ನಲ್ಲಿ ಕನ್ನಡ ನಟರನ್ನು ಹೀಯಾಳಿಸಿದ ಎಂದು ಬೆಂಗಳೂರಿನಲ್ಲಿ ತಮಿಳು ವಿದ್ಯಾರ್ಥಿಯೊಬ್ಬನನ್ನು ಹೊಡೆದರು. ಹೊಡೆಯುವುದನ್ನೇ ವಿಡಿಯೊ ಮಾಡಿದರು. ಅದು ತಮಿಳುನಾಡಿನ ಫೋನುಗಳನ್ನು ತಲುಪಿತು. ಅಲ್ಲಿ ಕರ್ನಾಟಕದ ಚಾಲಕನೊಬ್ಬನ ಮೇಲೆ ರಾಮೇಶ್ವರದಲ್ಲಿ ಕೈ ಮಾಡಿದರು, ಚೆನ್ನೈಯ ಹೋಟೆಲೊಂದರ ಮೇಲೆ ದಾಳಿ ಮಾಡಿದರು. ಆ ವಿಡಿಯೊಗಳು ಬೆಂಗಳೂರಿಗೆ ಬಂದವು. ಸೆಪ್ಟೆಂಬರ್ 12ರಂದು ಬೆಂಗಳೂರು ಉರಿಯಿತು. ಒಂದೇ ಡಿಪೊದಲ್ಲಿ 40ಕ್ಕೂ ಹೆಚ್ಚು ಬಸ್ಸು ಸುಟ್ಟುಹೋದವು. ಅತ್ತಿಬೆಲೆ–ಹೊಸೂರು ಗಡಿಯಲ್ಲಿ ಬಸ್ಸು ನಿಂತು, ಜನ ಗಂಟು-ಮೂಟೆ, ಮಕ್ಕಳನ್ನು ಎತ್ತಿಕೊಂಡು ನಡೆದೇ ಗಡಿ ದಾಟಿದರು.

ಆ ವಾರ ನಮ್ಮ ಅಂಗಡಿಗೆ ಬಂದವರೆಲ್ಲ ಫೋನ್ ಮುಂದೆ ಹಿಡಿಯುತ್ತಿದ್ದರು. ಒಂದೇ ವಿಡಿಯೊಗೆ ಒಬ್ಬರು ಒಂದು ಊರಿನ ಹೆಸರು ಹೇಳಿದರೆ ಇನ್ನೊಬ್ಬರು ಇನ್ನೊಂದು ಊರು ಹೇಳುತ್ತಿದ್ದರು. ಬಾಗಲೂರಿನಲ್ಲಿ ಕನ್ನಡ ಆಡುವವನೂ ತಮಿಳು ಆಡುವವನೂ ಒಂದೇ ಸಂತೆಗೆ ಹೂವು ಕಳಿಸುವವರು. ದಾರಿ ಮುಚ್ಚಿದರೆ ಇಬ್ಬರ ಹೂವೂ ಬಾಡುತ್ತದೆ. ಅದನ್ನು ಹೇಳುವ ವಿಡಿಯೊ ಮಾತ್ರ ಯಾರ ಫೋನಿಗೂ ಬರಲಿಲ್ಲ.

2018ರಲ್ಲಿ ಮಕ್ಕಳ ಕಳ್ಳರ ಗುಲ್ಲು ಹಬ್ಬಿತು. ಅದಕ್ಕೆ ಬಳಸಿದ ಒಂದು ವಿಡಿಯೊ ಕರಾಚಿಯಲ್ಲಿ ಜನಜಾಗೃತಿಗೆಂದು ಮಾಡಿದ್ದ ಚಿತ್ರ. ಕೊನೆಯ ಭಾಗ ಕತ್ತರಿಸಿ ಹರಡಿದ್ದರು. ಮೇ ತಿಂಗಳಲ್ಲಿ ತಿರುವಣ್ಣಾಮಲೈ ಜಿಲ್ಲೆಯಲ್ಲಿ ದೇವರ ದರ್ಶನಕ್ಕೆ ಹೊರಟ ವೃದ್ಧೆಯೊಬ್ಬರನ್ನು ಜನ ಹೊಡೆದು ಕೊಂದರು. ಜುಲೈಯಲ್ಲಿ ಬೀದರ್ ಜಿಲ್ಲೆಯಲ್ಲಿ, ಮಕ್ಕಳಿಗೆ ಚಾಕಲೇಟ್ ಕೊಟ್ಟ ತಪ್ಪಿಗೆ ಹೈದರಾಬಾದಿನ ಯುವ ಎಂಜಿನಿಯರೊಬ್ಬ ಜೀವ ಕಳೆದುಕೊಂಡ. ಅವರ ಕಾರು ಮುಂದಿನ ಊರು ಮುಟ್ಟುವ ಮೊದಲೇ ವಾಟ್ಸಾಪ್ ಮುಟ್ಟಿತ್ತು. ಆ ತಿಂಗಳಲ್ಲೇ ವಾಟ್ಸಾಪ್ ಭಾರತದಲ್ಲಿ ಫಾರ್ವರ್ಡ್‌ಗೆ ಐದರ ಮಿತಿ ಹಾಕಿತು. 2023ರ ಮಾರ್ಚ್‌ನಲ್ಲಿ ತಮಿಳುನಾಡಿನಲ್ಲಿ ಬಿಹಾರದ ಕಾರ್ಮಿಕರನ್ನು ಕೊಲ್ಲುತ್ತಿದ್ದಾರೆ ಎಂಬ ಸುಳ್ಳು ವಿಡಿಯೊಗಳು ಓಡಾಡಿದವು. ಅವು ಬೇರೆ ಜಗಳದ ವಿಡಿಯೊಗಳೆಂದು ಪೊಲೀಸರು ಹೇಳಬೇಕಾಯಿತು.

ಈ ಎಲ್ಲ ಘಟನೆಗಳಲ್ಲಿ ಪೆಟ್ಟು ಬಿದ್ದದ್ದು ಯಾರಿಗೆ ನೋಡಿ. ಪರಭಾಷೆಯವನಿಗೆ, ಪರಊರಿನವನಿಗೆ, ಪರಿಚಯ ಹೇಳುವವರು ಹತ್ತಿರವಿಲ್ಲದವನಿಗೆ. ಬೆಂಗಳೂರು, ಹೊಸೂರು, ದುಬೈ ಎಂದು ದುಡಿಯಲು ಹೋದ ನಮ್ಮ ಮಕ್ಕಳೂ ಹಾಗೆಯೇ ಇರುವವರು.

ನಮ್ಮ ಭಾಷೆಗೆ ಸಿಕ್ಕಿದ್ದು

ಇದೇ ಮೊಬೈಲ್ ನಮಗೆ ಕೊಟ್ಟದ್ದನ್ನೂ ಹೇಳಬೇಕು. ಬ್ಯಾರಿ ಮಾತಿಗೆ ದಿನಪತ್ರಿಕೆ ಇರಲಿಲ್ಲ, ಚಾನೆಲ್ ಇರಲಿಲ್ಲ. 2007ರಲ್ಲಿ ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ ಬಂತು. 2011ನೇ ಸಾಲಿನ ಅತ್ಯುತ್ತಮ ಚಿತ್ರ ರಾಷ್ಟ್ರಪ್ರಶಸ್ತಿಯನ್ನು ಸುವೀರನ್ ನಿರ್ದೇಶನದ ‘ಬ್ಯಾರಿ’ ಮರಾಠಿಯ ‘ದೇವೂಳ್’ ಜೊತೆ ಹಂಚಿಕೊಂಡಿತು. ಇವೆಲ್ಲ ಹೆಮ್ಮೆಯ ಮೆಟ್ಟಿಲುಗಳು. ಆದರೆ ದಿನನಿತ್ಯದ ಬ್ಯಾರಿಯನ್ನು ದೂರಕ್ಕೆ ಕೊಂಡೊಯ್ದದ್ದು ವಾಯ್ಸ್ ಮೆಸೇಜು. ಹಿಂದೆ ಗಲ್ಫಿನಿಂದ ಕ್ಯಾಸೆಟ್ಟಿನಲ್ಲಿ ಮಾತು ತುಂಬಿ ಕಳಿಸುತ್ತಿದ್ದ ಹಾಗೆ, ಈಗ ಅಕ್ಷರ ಬಾರದ ಉಮ್ಮನೂ ಫೋನಿನ ಗುಂಡಿ ಒತ್ತಿ ಮಾತಾಡುತ್ತಾರೆ. ಬಾಗಲೂರಿನಲ್ಲಿ ಬೆಳೆಯುವ ನನ್ನ ಮಕ್ಕಳಿಗೆ ಬ್ಯಾರಿ ಉಳಿದಿದ್ದರೆ ಅದರಲ್ಲಿ ಊರಿನಿಂದ ಬರುವ ಆ ಮೆಸೇಜುಗಳ ಪಾಲು ದೊಡ್ಡದು.

ಹಾಗಾಗಿ ಮೊಬೈಲ್ ಬೇಡ ಎನ್ನುವುದು ನನ್ನ ವಾದವಲ್ಲ. ಹೋಟೆಲಿನ ಬೆಂಚಿನಲ್ಲಿ “ಅದು ಹಾಗಲ್ಲ” ಎನ್ನುತ್ತಿದ್ದ ಹಿರಿಯರ ಜಾಗ ಖಾಲಿಯಾಗಿದೆ. ಯಾವ ಕಂಪನಿಯೂ ಅದನ್ನು ತುಂಬಿಕೊಡುವುದಿಲ್ಲ. ಪ್ರತಿ ಕುಟುಂಬದ ಗ್ರೂಪಿನಲ್ಲಿ ಒಬ್ಬರಾದರೂ ಆ ಕೆಲಸ ವಹಿಸಿಕೊಳ್ಳಬೇಕು. ಇದು ಎಲ್ಲಿಯದು, ಯಾವಾಗಿನದು, ಮೊದಲು ಕಳಿಸಿದವರು ಯಾರು ಎಂದು ಕೇಳಬೇಕು. ಹಿರಿಯರು ಕಳಿಸಿದ್ದಾದರೂ ಮರ್ಯಾದೆಯಿಂದ ಕೇಳಬೇಕು. ಗೊತ್ತಾಗದಿದ್ದರೆ ಅದು ಅಲ್ಲೇ ನಿಲ್ಲಲಿ. ಗಡಿಯಲ್ಲಿ ಬದುಕುವವರಿಗೆ ಎರಡೂ ಕಡೆಯ ಮಾತು ಕೇಳಿ ತೂಗುವ ಅಭ್ಯಾಸವಿತ್ತು ಎಂದೆನಲ್ಲ, ಈಗ ಮಂಗಳೂರಿನ ಮನೆಯೂ ದುಬೈಯ ಕೋಣೆಯೂ ಗಡಿಯೇ. ಆ ಅಭ್ಯಾಸ ನಮಗೆಲ್ಲರಿಗೂ ಬೇಕಾಗಿದೆ.