ನಲವತ್ತು ಹಂದಿ, ಒಂದು ಪಿಕಾಸಿ

ರಾತ್ರಿ ಒಂಬತ್ತರ ಬುಲೆಟಿನ್ ಮುಗಿಸಿ ಸ್ಟುಡಿಯೋದಿಂದ ಹೊರಗೆ ಬಂದಿದ್ದೆ. ಇಂಗ್ಲೆಂಡಿನಿಂದ ವಿಡಿಯೋ ಕಾಲ್ ಬಂತು. ಇಂಜಿನಿಯರಿಂಗ್ ಓದುವಾಗ ನನ್ನ ರೂಂಮೇಟ್ ಆಗಿದ್ದವನು, ಈಗ ಕೆಂಟ್ ಪ್ರಾಂತ್ಯದಲ್ಲಿ ನೌಕರಿ ಮಾಡ್ತಾನೆ. "ಲೋ, ಇವಳಿಗೆ ಸ್ವಲ್ಪ ಸಮಾಧಾನ ಹೇಳೋ" ಅಂತ ಫೋನನ್ನು ಮಗಳ ಮುಂದೆ ಹಿಡಿದ. ಎಂಟು ವರ್ಷದ ಹುಡುಗಿ. ಅತ್ತು ಅತ್ತು ಕಣ್ಣು ಕೆಂಪಾಗಿತ್ತು.

ವಿಷಯ ಇಷ್ಟೇ. ಮುಂದಿನ ವಾರ ಅವಳ ತರಗತಿಯವರು ರೋಚೆಸ್ಟರ್ ಕೋಟೆ ನೋಡೋಕೆ ಹೋಗ್ತಾರೆ. ಅದಕ್ಕೆ ಶಾಲೆಯಲ್ಲಿ ತಯಾರಿ ನಡೀತಿದೆ. ಮಕ್ಕಳೆಲ್ಲ ಮಧ್ಯಯುಗದವರಾಗಬೇಕು. ಯಾರು ಏನಾಗಬೇಕು ಅಂತ ಚೀಟಿ ಎತ್ತಿಸಿದ್ದಾರೆ. ಗೆಳತಿಗೆ ಬಂದ ಚೀಟಿಯಲ್ಲಿ ನೈಟ್. ಇವಳ ಚೀಟಿಯಲ್ಲಿ ಸುರಂಗ ತೋಡುವವನು! "ಮಾಮ, ಅವಳಿಗೆ ಶೀಲ್ಡ್ ಕೊಟ್ರು, ಕತ್ತಿ ಕೊಟ್ರು. ನಂಗೆ ರಟ್ಟಿನ ಪಿಕಾಸಿ."

ನಾಳೆ ಇದೇ ಹೊತ್ತಿಗೆ ಫೋನ್ ಮಾಡು, ಒಂದು ಕಥೆ ಹೇಳ್ತೀನಿ ಅಂದೆ.

ಮೊದಲು ಈ ತಯಾರಿ ಎಂಥದ್ದು ಅಂತ ನೋಡೋಣ. ಇಂಗ್ಲೆಂಡಿನ ಶಾಲೆಗಳಲ್ಲಿ ಮಕ್ಕಳನ್ನು ಕೋಟೆಗೆ ಕರೆದೊಯ್ಯುವ ಮುಂಚೆ ಇಂಥ ಆಟ ಆಡಿಸುವುದು ಮಾಮೂಲು. ಆ ಕಾಲದಲ್ಲಿ ಶ್ರೀಮಂತರ ಮನೆಯ ಹುಡುಗ ಏಳರ ವಯಸ್ಸಿಗೆ ತಂದೆತಾಯಿಯನ್ನು ಬಿಟ್ಟು ಬೇರೊಬ್ಬ ದೊರೆಯ ಮನೆ ಸೇರುತ್ತಿದ್ದ. ಅವನು ಪೇಜ್. ಊಟ ಬಡಿಸಬೇಕು, ಹೇಳಿದ ಕೆಲಸಕ್ಕೆ ಓಡಬೇಕು. ಹದಿನಾಲ್ಕರ ಹೊತ್ತಿಗೆ ಸ್ಕ್ವಯರ್ ಆಗಿ ಯಜಮಾನನ ಕುದುರೆ, ಆಯುಧ ನೋಡಿಕೊಳ್ಳಬೇಕು. ಎಲ್ಲ ಸರಿಹೋದರೆ ಇಪ್ಪತ್ತೊಂದರ ಆಸುಪಾಸಿನಲ್ಲಿ ನೈಟ್. ಅಂದ್ರೆ ನಮ್ಮ ಇಂಜಿನಿಯರಿಂಗ್ ನಾಲ್ಕು ವರ್ಷ, ಅವರದ್ದು ಹದಿನಾಲ್ಕು ವರ್ಷದ ಕೋರ್ಸು!

ಮಕ್ಕಳು ಗುರಾಣಿಗೆ ಬಣ್ಣ ಬಳಿದು ಸಿಂಹವನ್ನೋ ಹದ್ದನ್ನೋ ಬರೀತಾರೆ. ಅದೂ ಬರೀ ಅಲಂಕಾರ ಅಲ್ಲ. ಶಿರಸ್ತ್ರಾಣ ಮುಖ ಮುಚ್ಚಿದ ಮೇಲೆ ನಮ್ಮವನು ಯಾರು, ಶತ್ರು ಯಾರು? ಗುರಾಣಿಯ ಚಿತ್ರವೇ ಗುರುತು. ನಮ್ಮ ಚಾನೆಲ್ ಮೈಕಿನ ಮೇಲೆ ಲೋಗೋ ಇದ್ದ ಹಾಗೆ. ಇನ್ನು, ರಟ್ಟಿಗೆ ಅಲ್ಯೂಮಿನಿಯಂ ಹಾಳೆ ಅಂಟಿಸಿ ಫಳಫಳ ಹೊಳೆಯುವ ಕವಚ ಮಾಡ್ತಾರಲ್ಲ, ಅಲ್ಲೊಂದು ಎಡವಟ್ಟಿದೆ. ಮೈತುಂಬ ಉಕ್ಕಿನ ತಗಡು ತೊಟ್ಟ ಯೋಧ ಹದಿನೈದನೇ ಶತಮಾನದವನು. 1215ರಲ್ಲಿ ರೋಚೆಸ್ಟರ್‌ನಲ್ಲಿ ಕಾದಾಡಿದ ನೈಟ್ ತೊಟ್ಟಿದ್ದು ಸಾವಿರಾರು ಸಣ್ಣ ಕಬ್ಬಿಣದ ಉಂಗುರಗಳನ್ನು ಹೆಣೆದ ಅಂಗಿ. ಹತ್ತು ಕಿಲೋಗೂ ಹೆಚ್ಚು ತೂಗುವ ಅಂಗಿ ಅದು.

ಮಾರನೇ ದಿನ ಹುಡುಗಿಗೆ ನಾನು ಹೇಳಿದ ಕಥೆ ಆ 1215ರದ್ದೇ.

ಆ ವರ್ಷ ಜೂನ್‌ನಲ್ಲಿ ರಾಜ ಜಾನ್ ತನ್ನ ಸಾಮಂತರ ಒತ್ತಡಕ್ಕೆ ಮಣಿದು ಮ್ಯಾಗ್ನಾ ಕಾರ್ಟಾಕ್ಕೆ ಒಪ್ಪಿಗೆ ಕೊಟ್ಟ. ಕೊಟ್ಟ ಮಾತು ಕೆಲವೇ ವಾರಗಳಲ್ಲಿ ಮುರಿದುಬಿತ್ತು. ಯುದ್ಧ ಶುರು. ಬಂಡಾಯಗಾರರು ರೋಚೆಸ್ಟರ್ ಕೋಟೆ ಹಿಡಿದು ಕೂತರು. ಮೆಡ್‌ವೇ ನದಿಯ ದಡದ ಕೋಟೆ. 1127ರಲ್ಲಿ ಕಟ್ಟಲು ಶುರುಮಾಡಿದ ಅದರ ಮುಖ್ಯ ಗೋಪುರ ನೂರು ಅಡಿಗೂ ಎತ್ತರ. ಬುಡದಲ್ಲಿ ಗೋಡೆಯ ದಪ್ಪ ಸುಮಾರು 12 ಅಡಿ. ಅಕ್ಟೋಬರ್‌ನಲ್ಲಿ ಜಾನ್ ಮುತ್ತಿಗೆ ಹಾಕಿದ. ಕಲ್ಲು ತೂರುವ ಯಂತ್ರಗಳನ್ನು ನಿಲ್ಲಿಸಿದ. ಗೋಪುರ ಅಲುಗಲಿಲ್ಲ.

ಆಗ ರಾಜನಿಗೆ ಬೇಕಾಗಿದ್ದು ಏನು ಗೊತ್ತಾ? ಅಕ್ಟೋಬರ್ 14ಕ್ಕೇ ಆತ ಕ್ಯಾಂಟರ್ಬರಿಯ ಅಧಿಕಾರಿಗಳಿಗೆ ಆಜ್ಞೆ ಕಳಿಸಿದ್ದ. ಹಗಲು ರಾತ್ರಿ ಎನ್ನದೆ ಎಷ್ಟು ಸಾಧ್ಯವೋ ಅಷ್ಟು ಪಿಕಾಸಿ ಮಾಡಿಸಿ ಕಳಿಸಿ! "ಕತ್ತಿ ಅಲ್ಲ ಪುಟ್ಟಿ, ಪಿಕಾಸಿ" ಅಂದೆ. ಫೋನಿನ ಆ ಕಡೆ ಕಣ್ಣು ಅರಳಿತು.

ನಾನು ಓದಿದ್ದು ಸಿವಿಲ್ ಅಲ್ಲ. ಆದ್ರೂ ಇದು ಅರ್ಥವಾಗೋಕೆ ಡಿಗ್ರಿ ಬೇಕಿಲ್ಲ. ನಿಮ್ಮ ಬೀದಿಯಲ್ಲಿ ತಾರಸಿ ಹಾಕುವಾಗ ಕೆಳಗೆ ಸೆಂಟ್ರಿಂಗ್ ಕಂಬ ಕೊಡ್ತಾರಲ್ಲ, ಹಾಗೆ. ಸೈನಿಕರು ಗೋಪುರದ ಆಗ್ನೇಯ ಮೂಲೆಯ ಬುಡದಲ್ಲಿ ಸುರಂಗ ತೋಡಿದರು. ಮಣ್ಣು ತೆಗೆದಲ್ಲೆಲ್ಲ ಮರದ ಕಂಬ ನಿಲ್ಲಿಸಿದರು. ಈಗ ಆ ಮೂಲೆಯ ಭಾರವೆಲ್ಲ ಮರದ ಮೇಲೆ. ನವೆಂಬರ್ 25ರಂದು ರಾಜನ ಇನ್ನೊಂದು ಆಜ್ಞೆ ಹೊರಟಿತು. ತಿನ್ನೋಕೆ ಯೋಗ್ಯವಲ್ಲದ, ಆದರೆ ಚೆನ್ನಾಗಿ ಕೊಬ್ಬಿದ 40 ಹಂದಿ ಕಳಿಸಿ. ಆ ಕೊಬ್ಬು ಸುರಂಗದ ಬೆಂಕಿಗೆ. ಕಂಬಗಳು ಸುಟ್ಟು ಬೂದಿಯಾದವು. ಮೂಲೆ ಕುಸಿಯಿತು.

ಒಳಗಿದ್ದವರು ಅಷ್ಟಕ್ಕೇ ಸೋಲಲಿಲ್ಲ. ಗೋಪುರವನ್ನು ಎರಡು ಭಾಗ ಮಾಡುವ ನಡುಗೋಡೆಯ ಹಿಂದೆ ಸರಿದು ಕಾದಾಡಿದರು. ಕೊನೆಗೆ ತಮ್ಮದೇ ಕುದುರೆಗಳನ್ನು ತಿಂದರು. ನೈಟ್ ಅಂದ್ರೆ ಕುದುರೆ, ಕುದುರೆ ಅಂದ್ರೆ ನೈಟ್. ಆ ನೈಟ್ ತನ್ನ ಕುದುರೆಯನ್ನೇ ಬೇಯಿಸಿ ತಿಂದ ಅಂದರೆ ಹಸಿವು ಎಂಥದ್ದಿರಬೇಕು ಯೋಚಿಸಿ. ನವೆಂಬರ್ 30ರಂದು ಶರಣಾದರು. ಅವರೆಲ್ಲರನ್ನೂ ನೇಣಿಗೆ ಹಾಕುವ ಸಿಟ್ಟು ರಾಜನಿಗೆ. ಇವತ್ತು ನೀವು ಕೊಂದರೆ ನಾಳೆ ಸಿಕ್ಕಿಬಿದ್ದಾಗ ನಮ್ಮನ್ನೂ ಹೀಗೇ ಕೊಲ್ತಾರೆ ಅಂತ ಅವನ ಕಡೆಯ ದಳಪತಿಯೊಬ್ಬ ತಡೆದ.

ರಟ್ಟಿನ ಕತ್ತಿಯ ಆಟದಲ್ಲಿ ಈ ಹಸಿವು, ಈ ಭಯ ಇರೋದಿಲ್ಲ. ಹಾಗಂತ ಆಟ ಬೇಡ ಅನ್ನೋನು ನಾನಲ್ಲ. ಎಲ್ಲ ಮಕ್ಕಳಿಗೂ ನೈಟ್ ವೇಷ ಹಾಕಿಸಿದರೆ ಮಾತ್ರ ತೊಂದರೆ. ಅವರಿಗೆ ಕೋಟೆ ಅಂದರೆ ವೀರರ ಮನೆ ಅಂತ ಅನ್ನಿಸಿಬಿಡುತ್ತೆ. ಅಡುಗೆಯವನು, ಕಮ್ಮಾರ, ಕಲ್ಲುಕುಟಿಗ, ಸುರಂಗ ತೋಡಿದವನು, ಇವರೆಲ್ಲ ಇಲ್ಲದೆ ಕೋಟೆ ಏಳೋದೂ ಇಲ್ಲ, ಬೀಳೋದೂ ಇಲ್ಲ. ಆ ನಲವತ್ತು ಹಂದಿಗಳ ಲೆಕ್ಕ ಎಲ್ಲರ ಬಾಯಲ್ಲಿದೆ. ತೋಡಿದವರ ಹೆಸರು ಯಾರ ಬಾಯಲ್ಲೂ ಇಲ್ಲ. ಚೀಟಿಯಲ್ಲಿ ಆ ಕೆಲಸವನ್ನೂ ಬರೆದಿಟ್ಟ ಟೀಚರ್ ಯಾರೋ, ಅವರಿಗೆ ನನ್ನ ನಮಸ್ಕಾರ.

ಶಾಲೆಯಲ್ಲಿದ್ದಾಗ ನಮ್ಮನ್ನೂ ಕೋಟೆಗೆ ಕರೆದೊಯ್ದಿದ್ದರು. ನೆನಪಿರೋದು ಬಸ್ಸಿನ ಕಿಟಕಿ ಸೀಟಿನ ಜಗಳ, ಡಬ್ಬಿಯ ಪುಳಿಯೋಗರೆ, ಒಂದು ಗ್ರೂಪ್ ಫೋಟೊ. ಏನು ನೋಡಬೇಕು ಅಂತ ಯಾರೂ ಹೇಳಿರಲಿಲ್ಲ. ನಾವೂ ಏನೂ ನೋಡಲಿಲ್ಲ.

ವಾರ ಕಳೆದ ಮೇಲೆ ಮತ್ತೆ ವಿಡಿಯೋ ಕಾಲ್. "ಮಾಮ, ಮೂರು ಮೂಲೆ ಚೌಕ ಇದೆ, ಒಂದು ಮಾತ್ರ ದುಂಡಗಿದೆ. ಎಲ್ಲರಿಗಿಂತ ಮೊದಲು ಕಂಡುಹಿಡಿದಿದ್ದು ನಾನೇ!"

ನಿಜ. ಕುಸಿದ ಮೂಲೆಯನ್ನು ಜಾನ್‌ನ ಮಗ ಮೂರನೇ ಹೆನ್ರಿಯ ಕಾಲದಲ್ಲಿ ಮತ್ತೆ ಕಟ್ಟಿದಾಗ ದುಂಡಗೆ ಕಟ್ಟಿದರು. ಚೌಕದ ಮೂಲೆಯ ಬುಡ ಕೊರೆಯೋದು ಸುಲಭ, ದುಂಡಗಿದ್ದರೆ ಕಷ್ಟ ಅನ್ನೋದು ಅಷ್ಟು ಹೊತ್ತಿಗೆ ಅವರಿಗೆ ಗೊತ್ತಾಗಿತ್ತು. ಇವತ್ತಿಗೂ ಅದು ಹಾಗೇ ನಿಂತಿದೆ.

"ಮತ್ತೆ ಪಿಕಾಸಿ ಏನಾಯ್ತು?" ಅಂತ ಕೇಳಿದೆ.

"ಗೆಳತಿಗೆ ಬೇಕಂತೆ ಮಾಮ. ಕೊಡಲ್ಲ ಅಂದೆ."