ಬಿಳುಪಿಗಾಗಿ ಕಾದ ಬಿಸಿಲು

ಚಾಲುಕ್ಯರ ಸೀಮೆಯ ಚರಿತ್ರೆ ಬರೆದವರು ಶಾಸನಗಳನ್ನು ಅನುಮಾನಿಸಿದರು, ಸ್ಥಳಪುರಾಣಗಳನ್ನು ಅನುಮಾನಿಸಿದರು. ಹಳೆಯ ಫೋಟೋಗಳನ್ನು ಮಾತ್ರ ಇದ್ದದ್ದನ್ನು ಇದ್ದಂತೆ ತೋರಿಸುವ ಸಾಕ್ಷಿ ಎಂದು ನಂಬಿದರು. ಬಾದಾಮಿಯ ಮಗ್ಗುಲ ಚೊಳಚಗುಡ್ಡದವನಾದ ನನಗೆ ಈ ನಂಬಿಕೆಯನ್ನು ಕೆದಕುವುದೂ ದಲಿತ ವಿಮರ್ಶೆಯ ಕೆಲಸವೇ ಅನ್ನಿಸುತ್ತದೆ.

ಮುಂಬಯಿ ಸರ್ಕಾರದ ಪರವಾಗಿ ಥಾಮಸ್ ಬಿಗ್ಸ್ ಎಂಬ ಸೇನಾಧಿಕಾರಿ 1855ರಲ್ಲಿ ಬಾದಾಮಿ, ಐಹೊಳೆಗಳ ಗುಡಿಗಳ ಫೋಟೋ ತೆಗೆದ. ಅವನ, ಪಿಗೌ ಮತ್ತು ನೀಲ್ ಅವರ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾದವು. ಆ ಕಾಲದ ನೆಗೆಟಿವ್‌ಗೆ ನೀಲಿ ಬೆಳಕಷ್ಟೇ ಚೆನ್ನಾಗಿ ಕಾಣುತ್ತಿತ್ತು. ಕೆಂಪು, ಕಂದು ಬಣ್ಣಗಳಿಗೆ ಅದು ಹೆಚ್ಚುಕಡಿಮೆ ಕುರುಡು. ಹೀಗಾಗಿ ಆಕಾಶ ಬರೀ ಬಿಳಿ. ನಮ್ಮ ಕೆಂಗಲ್ಲು, ನಮ್ಮ ಜನರ ಮೈಬಣ್ಣ ಇದ್ದುದಕ್ಕಿಂತ ಕಪ್ಪು. ಈ ಕುರುಡಿಗೆ ಮದ್ದನ್ನು ಜರ್ಮನಿಯ ಫೋಗೆಲ್ ಕಂಡದ್ದು 1873ರಲ್ಲಿ. ಎಲ್ಲ ಬಣ್ಣ ಕಾಣುವ ಪ್ಲೇಟು ಪೇಟೆಗೆ ಬಂದದ್ದು 1906ರಲ್ಲಿ.

ಇದು ರಸಾಯನದ ಮಾತಾಯಿತು. ಉಳಿದದ್ದು ಪ್ರಿಂಟು ಹಾಕುವವನ ಕೈಯೊಳಗಿತ್ತು. ಮೊಟ್ಟೆಯ ಲೋಳೆ, ಬೆಳ್ಳಿಯ ಲವಣ ಸವರಿದ ಕಾಗದದ ಮೇಲೆ ನೆಗೆಟಿವ್ ಇಟ್ಟು, ಚೌಕಟ್ಟಿನಲ್ಲಿ ಬಿಗಿದು ಬಿಸಿಲಿಗೆ ಇಡುತ್ತಿದ್ದರು. ಬಿಳಿ ವಸ್ತು ನೆಗೆಟಿವ್‌ನಲ್ಲಿ ದಟ್ಟ ಕಪ್ಪು. ಅದರ ಮೂಲಕ ಬೆಳಕು ಇಳಿಯುವುದು ನಿಧಾನ. ಧೋತರದ ನಿರಿಗೆ ಕಾಗದದ ಮೇಲೆ ಮೂಡುವವರೆಗೆ ಕಾಯಬೇಕು. ಹೈಪೋದಲ್ಲಿ ತೊಳೆದಾಗ ಚಿತ್ರ ತಿಳಿಯಾಗುತ್ತದೆಂದು ಇನ್ನಷ್ಟು ಕಾಯಬೇಕು. ಅಷ್ಟರೊಳಗೆ ಪಕ್ಕದ ಕಪ್ಪು ಮುಖದ ಕಣ್ಣು, ಕೆನ್ನೆ, ಸುಕ್ಕು ಕತ್ತಲಲ್ಲಿ ಮುಳುಗುತ್ತವೆ. ಮೊದಲು ಕಪ್ಪಾದ ಬೆಳ್ಳಿ ತನಗೆ ತಾನೇ ನೆರಳಾಗಿ ಬೆಳಕನ್ನು ತಡೆಯುತ್ತದೆ, ಖರೆ. ಆದರೆ ಪೂರ್ತಿ ಉಳಿಸುವುದಿಲ್ಲ.

ಉಪಾಯ ಗೊತ್ತಿರಲಿಲ್ಲವೇ? ಗೊತ್ತಿತ್ತು. ತೆಳು ನೆಗೆಟಿವ್ ಇದ್ದರೆ ನೆರಳಲ್ಲಿ, ದಟ್ಟವಿದ್ದರೆ ನೇರ ಬಿಸಿಲಲ್ಲಿ ಪ್ರಿಂಟು ಹಾಕುತ್ತಿದ್ದರು. ಉಳಿಯಬೇಕಾದ ಭಾಗದ ಮೇಲೆ ಕಾಗದದ ಚೂರೋ ಹತ್ತಿಯೋ ಇಟ್ಟು, ಬಿಳುಪಿನ ಭಾಗಕ್ಕಷ್ಟೇ ಬಿಸಿಲು ಬಿಡುತ್ತಿದ್ದರು. ಅಂದಮೇಲೆ ಯಾರ ಮುಖದ ಮೇಲೆ ಆ ಚೂರು ಇಡಬೇಕು ಎಂಬುದು ಬರೀ ಕಸಬಿನ ಪ್ರಶ್ನೆಯಲ್ಲ. ಪುರಾತತ್ವದ ಚಿತ್ರಗಳಲ್ಲಿ ಕಂಬದ ಎತ್ತರ ತಿಳಿಯಲೆಂದು ನಿಲ್ಲಿಸಿದ ಆಳಿಗೆ ಅಷ್ಟು ಕಾಳಜಿ ಯಾರು ಮಾಡಿಯಾರು? ಅವನು ಅಲ್ಲಿ ಅಳತೆಗೋಲು ಮಾತ್ರ.

1868ರಿಂದ 1875ರವರೆಗೆ ಲಂಡನ್ನಿನಲ್ಲಿ ಎಂಟು ಸಂಪುಟಗಳಾಗಿ ಬಂದ 'ದ ಪೀಪಲ್ ಆಫ್ ಇಂಡಿಯಾ' ಇಂಥವೇ ಫೋಟೋಗಳ ಕೆಳಗೆ ಜಾತಿ, ಬುಡಕಟ್ಟುಗಳ ಹೆಸರು ಬರೆಯಿತು. ರಸಾಯನದ ಕಪ್ಪಿಗೆ ಹೀಗೆ ಜನಾಂಗದ ಹಣೆಪಟ್ಟಿ ಹತ್ತಿತು. ಆ ನೋಟ ಬಹುಕಾಲ ಬಾಳಿತು. ಬನಶಂಕರಿ ಜಾತ್ರೆಯ ಫೋಟೋ ಅಂಗಡಿಯೊಂದರಲ್ಲಿ ನಮ್ಮ ಕೇರಿಯ ಹೆಣ್ಣುಮಕ್ಕಳಿಗೆ 'ಪೌಡರ್ ಹಚ್ಕೊಂಡು ಬರ್ರಿ, ಇಲ್ಲಾಂದ್ರ ಮುಖಾ ಬರೂದಿಲ್ಲ' ಅನ್ನುತ್ತಿದ್ದರು. ಬೆಳಕು ಹೊಂದಿಸುವವನ ಕೆಲಸವನ್ನು ಅವರ ಚರ್ಮದ ಮೇಲೆ ಹೊರಿಸಲಾಯಿತು.

ಹಾಗಾಗಿ ಹಳೆಯ ಚಿತ್ರದಲ್ಲಿ ಮುಖವಿಲ್ಲದ ನಮ್ಮವರನ್ನು ಕಂಡಾಗ, ಅವರು ಹಾಗೇ ಇದ್ದರು ಎಂದು ಒಪ್ಪಬೇಕಿಲ್ಲ. ಈ ಪ್ರಿಂಟು ಯಾರ ಬಿಳುಪಿಗಾಗಿ ಇಷ್ಟು ಹೊತ್ತು ಬಿಸಿಲಲ್ಲಿತ್ತು ಎಂದು ಮೊದಲು ಕೇಳೋಣ. ನೆಗೆಟಿವ್ ಉಳಿದಿದ್ದರೆ ಮುಖಕ್ಕೆ ತಕ್ಕಷ್ಟೇ ಬೆಳಕು ಕೊಟ್ಟು ಮತ್ತೆ ಪ್ರಿಂಟು ಹಾಕಿಸಿ ನೋಡೋಣ.