ಹರಿದ ಸ್ನಾಯುವಿಗೂ ಸ್ಕ್ಯಾನಿಂಗ್

ಜೋರಾಗಿ ಓಡುತ್ತಿದ್ದ ಆಟಗಾರ ತಟಕ್ಕನೆ ತೊಡೆಯ ಹಿಂಭಾಗ ಹಿಡಿದುಕೊಂಡು ನಿಂತರೆ ಪೆಟ್ಟಾಗಿರುವುದು ಹೆಚ್ಚಾಗಿ ಹ್ಯಾಮ್‌ಸ್ಟ್ರಿಂಗ್‌ಗೆ, ಅದರಲ್ಲೂ ಬೈಸೆಪ್ಸ್ ಫೆಮೊರಿಸ್ ಎಂಬ ಸ್ನಾಯುವಿಗೆ. ಸ್ನಾಯು ಹರಿದದ್ದು ಎಕ್ಸ್‌ರೇಗೆ ಕಾಣದು. ಅಲ್ಟ್ರಾಸೌಂಡ್‌ಗೆ ಕಾಣುತ್ತದೆ. ಅದರಲ್ಲಿ ವಿಕಿರಣದ ಭಯವಿಲ್ಲದ್ದರಿಂದ ಗಾಯ ಮಾಯುವವರೆಗೆ ಮತ್ತೆ ಮತ್ತೆ ನೋಡಲೂಬಹುದು.

ಪರದೆಯ ಮೇಲೆ

ಸ್ನಾಯುವಿಗೆ ಸಾಮಾನ್ಯವಾಗಿ 7ರಿಂದ 15 ಮೆಗಾಹರ್ಟ್ಸ್ ಕಂಪನಾಂಕದ ಪ್ರೋಬ್ (ಮೈಮೇಲೆ ಆಡಿಸುವ ಹಿಡಿ) ಬಳಸುತ್ತಾರೆ. ಕಂಪನಾಂಕ ಹೆಚ್ಚಿದಷ್ಟೂ ಚಿತ್ರ ಸ್ಪಷ್ಟ, ಆದರೆ ಅದು ಕಳಿಸುವ ಧ್ವನಿ ಹೆಚ್ಚು ಆಳಕ್ಕೆ ಇಳಿಯುವುದಿಲ್ಲ. ಪ್ರೋಬನ್ನು ಉದ್ದಕ್ಕೆ ಹಿಡಿದರೆ ಆರೋಗ್ಯವಂತ ಸ್ನಾಯು ಕಪ್ಪಿನ ನಡುವೆ ಬಿಳಿ ಗೆರೆಗಳ ಸಾಲು. ಅಡ್ಡಕ್ಕೆ ಹಿಡಿದರೆ ಚುಕ್ಕಿ ತುಂಬಿದ ಇರುಳ ಆಕಾಶ. ಹರಿದಲ್ಲಿ ಗೆರೆಗಳು ತುಂಡಾಗಿರುತ್ತವೆ. ಪ್ರೋಬ್ ತುಸು ಓರೆಯಾದರೂ ಚೆನ್ನಾಗಿರುವ ನಾರೇ ಕಪ್ಪಾಗಿ ಕಂಡು ಮೋಸ ಮಾಡುವುದುಂಟು. ಅದಕ್ಕೇ ಅನುಭವಿಗಳು ನೋವಿಲ್ಲದ ಕಾಲನ್ನೂ ನೋಡಿ ಹೋಲಿಸುತ್ತಾರೆ.

ದಿನ ಕಳೆದಂತೆ

ಪೆಟ್ಟಾದ 2ರಿಂದ 48 ಗಂಟೆಯೊಳಗೆ ಮೊದಲ ಸ್ಕ್ಯಾನಿಂಗ್ ಆದರೆ ಒಳ್ಳೆಯದು. ಆಗಷ್ಟೇ ಸುರಿದ ರಕ್ತ ಬಿಳಿಯಾಗಿ ಕಂಡು ಸ್ನಾಯುವಿನೊಳಗೇ ಬೆರೆತಂತಿರುತ್ತದೆ. ಕೆಲವು ದಿನಗಳಲ್ಲಿ ಕರಗಿ ನೀರಾಗಿ ಕಪ್ಪು ಗುಂಡಿಯಂತೆ ಕಾಣುತ್ತದೆ. ರಕ್ತ ತುಂಬಾ ಶೇಖರವಾಗಿದ್ದರೆ ಪರದೆ ನೋಡಿಕೊಂಡೇ ಸೂಜಿಯಿಂದ ಹೊರತೆಗೆಯಬಹುದು. ಸ್ನಾಯು ಪೂರ್ತಿ ತುಂಡಾಗಿದ್ದರೆ ಅದರ ತುದಿ ಆ ರಕ್ತದಲ್ಲಿ ತೇಲಾಡುತ್ತದೆ. "ಕಾಲು ನಿಧಾನಕ್ಕೆ ಬಿಗಿಹಿಡಿಯಿರಿ" ಎಂದು ಹೇಳಿ, ತುದಿಗಳು ದೂರ ಸರಿಯುವುದನ್ನು ಆ ಕ್ಷಣದಲ್ಲೇ ನೋಡಬಹುದು. ಅಲುಗಾಡದೆ ಮಲಗಿಸುವ ಎಂಆರ್‌ಐನಲ್ಲಿ ಇದು ಕಷ್ಟ.

ಮುಂದಿನ ವಾರಗಳಲ್ಲಿ ಕಪ್ಪು ಗುಂಡಿ ಅಂಚಿನಿಂದ ಒಳಕ್ಕೆ ತುಂಬಿಕೊಳ್ಳುತ್ತದೆ. ಹೊಸ ರಕ್ತನಾಳಗಳು ರಕ್ತದ ಹರಿವನ್ನು ತೋರಿಸುವ ಡಾಪ್ಲರ್‌ನಲ್ಲಿ ಬಣ್ಣವಾಗಿ ಹೊಳೆಯುತ್ತವೆ. ಕೊನೆಗೆ ಉಳಿಯುವ ಕಲೆ ಬಿಳಿ ಗಂಟಿನಂತಿರುತ್ತದೆ. ಒಮ್ಮೊಮ್ಮೆ ಗಾಯದ ಸುತ್ತ ಮೂಳೆಯೇ ಕಟ್ಟತೊಡಗುತ್ತದೆ. ಅದರ ಸುಳಿವು ಎಕ್ಸ್‌ರೇಗಿಂತ ಮೊದಲೇ ಅಲ್ಟ್ರಾಸೌಂಡ್‌ನಲ್ಲಿ ಸಿಗುತ್ತದೆ.

ಮಿತಿಗಳು

ಆಳದ ಅಥವಾ ತೀರಾ ಚಿಕ್ಕ ಗಾಯಕ್ಕೆ ಎಂಆರ್‌ಐ ಮೇಲು. ಸ್ಕ್ಯಾನಿಂಗ್‌ನ ಗುಣಮಟ್ಟ ಪ್ರೋಬ್ ಹಿಡಿದ ಕೈಯನ್ನು ನೆಚ್ಚಿದೆ. ಅದೇ ಕೈ, ಅದೇ ಜಾಗ ನೋಡಿದರಷ್ಟೇ ಹೋಲಿಕೆಗೆ ಅರ್ಥ. ಇದೇ ಯಂತ್ರದಲ್ಲಿ ಭ್ರೂಣದ ಲಿಂಗವೂ ತಿಳಿಯುವುದರಿಂದ, ಆ ಪತ್ತೆಯನ್ನು ತಡೆಯುವ 1994ರ ಕಾಯ್ದೆಯಿಂದಾಗಿ ನಮ್ಮಲ್ಲಿ ಅದನ್ನು ಬೇಕೆಂದಾಗ ಮೈದಾನಕ್ಕೆ ಹೊತ್ತೊಯ್ಯುವಂತೆಯೂ ಇಲ್ಲ. ಇನ್ನೊಂದು ಮಾತು: ಚಿತ್ರ ಚೆನ್ನಾಗಿದೆ ಎಂದ ಮಾತ್ರಕ್ಕೆ ಆಟಕ್ಕಿಳಿಯಬಾರದು. ನೋವಿಲ್ಲದ ಓಟ, ಮರಳಿದ ಬಲ ಇವೇ ಮುಖ್ಯ.

ಪೆಟ್ಟಾದಾಗ

ಉಳುಕೆಂದು ಎಣ್ಣೆ ಹಚ್ಚಿ ತಿಕ್ಕಿಸುವುದು ನಮ್ಮಲ್ಲಿ ರೂಢಿ. ಸ್ನಾಯು ಹರಿದಿದ್ದರೆ ಮೊದಲ ದಿನಗಳ ತಿಕ್ಕಾಟದಿಂದ ರಕ್ತಸ್ರಾವ ಹೆಚ್ಚೀತು. 'ಟಪ್' ಎಂದು ಹರಿದ ಅನುಭವವಾಗಿದ್ದರೆ, ಚರ್ಮ ನೀಲಿಗಟ್ಟಿದ್ದರೆ ತಿಕ್ಕಿಸಬೇಡಿ. ಎರಡು ದಿನದೊಳಗೆ ವೈದ್ಯರಿಗೆ ತೋರಿಸಿ.